ಭಾವಿ ಶಿಕ್ಷಕರ ಸಂಘ: ಸದಸ್ಯತ್ವದ ಅರ್ಥ ಮತ್ತು ಗ್ರಾಮ ಪಂಚಾಯತಿಯ ಪಾತ್ರ

(ಗ್ರಾಮ ಪಂಚಾಯತಿ ಚುನಾಯಿತ ಪ್ರತಿನಿಧಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ಶಾಲೆಯ ವಿಷಯ ಬಂದಾಗ ಚರ್ಚೆಯು ಬಹುಮಟ್ಟಿಗೆ ಕೊಠಡಿ, ಕಾಂಪೌಂಡು, ಶೌಚಾಲಯ, ಕುಡಿಯುವ ನೀರು ಮತ್ತು ಖಾಲಿ ಹುದ್ದೆಗಳ ಸುತ್ತ ನಡೆಯುತ್ತದೆ. ಇವೆಲ್ಲವೂ ಅಗತ್ಯವಾದ ವಿಷಯಗಳೇ. ಆದರೆ ಇನ್ನು ನಾಲ್ಕಾರು ವರ್ಷಗಳಲ್ಲಿ ಆ ಶಾಲೆಗಳಿಗೆ ಶಿಕ್ಷಕರಾಗಿ ಬರಲಿರುವವರು ಈಗ ಎಲ್ಲಿದ್ದಾರೆ, ಹೇಗೆ ಸಿದ್ಧರಾಗುತ್ತಿದ್ದಾರೆ ಎಂಬ ಪ್ರಶ್ನೆ ಸಭೆಯ ಮುಂದೆ ಬರುವುದು ಅಪರೂಪ. ಹಿಂದೆ ಟಿ.ಸಿ.ಎಚ್. ಎಂದೂ, ಬಳಿಕ ಡಿ.ಇಡಿ. ಎಂದೂ ಕರೆಯಲ್ಪಟ್ಟು ಈಗ ಡಿ.ಎಲ್.ಇಡಿ. ಎಂಬ ಹೆಸರು ಪಡೆದಿರುವ ಶಿಕ್ಷಣಕ್ಕೆ, ಇಲ್ಲವೇ ಬಿ.ಇಡಿ. ಪದವಿಗೆ ಸೇರಿರುವ ಯುವಕ ಯುವತಿಯರಲ್ಲಿ ಬಹಳಷ್ಟು ಮಂದಿ ಹಳ್ಳಿಗಳಿಂದಲೇ ಬಂದವರು. ಅವರು ಬೆಳಿಗ್ಗೆ ಬಸ್ಸು ಹತ್ತಿ ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರಕ್ಕೆ ಹೋಗಿ ಸಂಜೆ ಊರಿಗೆ ಹಿಂದಿರುಗುತ್ತಾರೆ. ಪಂಚಾಯತಿಯ ಕಡತಗಳಲ್ಲಿ ಅವರ ಹೆಸರು ಎಲ್ಲಿಯೂ ಇರುವುದಿಲ್ಲ.

ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಅವುಗಳಲ್ಲಿ 17ನೆಯದು ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನೊಳಗೊಂಡ ಶಿಕ್ಷಣ, 20ನೆಯದು ಗ್ರಂಥಾಲಯ. ಶಾಲೆಯ ಗುಣಮಟ್ಟ ಪಂಚಾಯತಿಯ ಕಾಳಜಿಯಾಗಿರುವಾಗ ಶಿಕ್ಷಕರ ಸಿದ್ಧತೆಯೂ ಆ ಕಾಳಜಿಯೊಳಗೆ ಬರುತ್ತದೆ. ಈ ಉಪನ್ಯಾಸವು ಆ ಸಿದ್ಧತೆಯ ಒಂದು ಭಾಗವನ್ನು ಮಾತ್ರ ಎತ್ತಿಕೊಂಡಿದೆ: ಶಿಕ್ಷಕರಾಗಲು ಕಲಿಯುತ್ತಿರುವವರು ತಮ್ಮದೇ ವಿದ್ಯಾರ್ಥಿ ಸಂಘವೊಂದನ್ನು ಸೇರುವುದರಿಂದ ಅವರಿಗೂ ಊರಿನ ಶಾಲೆಗೂ ಆಗುವ ಪ್ರಯೋಜನವೇನು, ಮತ್ತು ಹಳ್ಳಿಯ ಪ್ರಶಿಕ್ಷಣಾರ್ಥಿಗಳು ಅದರಿಂದ ಹೊರಗುಳಿಯದಂತೆ ಪಂಚಾಯತಿ ಮಾಡಬಹುದಾದುದೇನು.

1. ಸಂಘವೆಂದರೇನು

ಶಿಕ್ಷಕ ಶಿಕ್ಷಣ ಸಂಸ್ಥೆಗಳಲ್ಲಿ ಪ್ರಶಿಕ್ಷಣಾರ್ಥಿಗಳ ಸಂಘ, ವಿದ್ಯಾರ್ಥಿ ಶಿಕ್ಷಕರ ಸಂಘ, ವಿಷಯವಾರು ಸಂಘ ಮುಂತಾದ ಹೆಸರುಗಳಲ್ಲಿ ಇಂತಹ ಕೂಟಗಳು ನಡೆಯುತ್ತವೆ. ಕೆಲವು ಕಡೆ ಪ್ರವೇಶ ಪಡೆದ ಪ್ರತಿಯೊಬ್ಬರೂ ತಾವಾಗಿಯೇ ಸದಸ್ಯರಾಗುತ್ತಾರೆ. ಕೆಲವು ಕಡೆ ಅರ್ಜಿ ಮತ್ತು ಅಲ್ಪ ಶುಲ್ಕ ಇರುತ್ತದೆ. ಮಾದರಿ ಪಾಠಗಳ ಚರ್ಚೆ, ಪಾಠೋಪಕರಣಗಳ ತಯಾರಿ, ಭಿತ್ತಿಪತ್ರಿಕೆ, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಸಾಮೂಹಿಕ ಅಧ್ಯಯನ, ಹಳ್ಳಿಯಲ್ಲಿ ನಡೆಯುವ ಪೌರತ್ವ ತರಬೇತಿ ಶಿಬಿರದ ವ್ಯವಸ್ಥೆ ಇವು ಸಂಘದ ಸಾಮಾನ್ಯ ಕೆಲಸಗಳು.

ಈ ಕಲ್ಪನೆ ಹೊಸದಲ್ಲ. ಅಮೆರಿಕದಲ್ಲಿ ಅಲ್ಲಿನ ರಾಷ್ಟ್ರೀಯ ಶಿಕ್ಷಣ ಸಂಘವು 1930ರ ದಶಕದಲ್ಲಿಯೇ ಶಾಲೆ ಕಾಲೇಜುಗಳಲ್ಲಿ ಭಾವಿ ಶಿಕ್ಷಕರ ಘಟಕಗಳನ್ನು ಕಟ್ಟಲು ಆರಂಭಿಸಿತು. ಕನ್ನಡ ನಾಡಿಗೂ ವಿದ್ಯೆಯ ಕೆಲಸವನ್ನು ಸಂಘ ಕಟ್ಟಿ ಮಾಡುವ ರೂಢಿ ಹಳೆಯದು. 1890ರಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡದ ಶಿಕ್ಷಣ ಮತ್ತು ಗ್ರಂಥ ಪ್ರಕಟಣೆಗೆ ಸಲ್ಲಿಸಿದ ಸೇವೆ ಸರ್ವವಿದಿತ. ಸಂಘ ರಚಿಸುವ ಸ್ವಾತಂತ್ರ್ಯವನ್ನು ಸಂವಿಧಾನದ 19(1)(ಸಿ) ವಿಧಿಯು ಎಲ್ಲ ನಾಗರಿಕರಿಗೂ ನೀಡಿದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪಟ್ಟಿಯಲ್ಲಿ ಹೆಸರು ಇರುವುದು ಒಂದು. ಸಭೆಗೆ ಬಂದು, ಮಾತನಾಡಿ, ಒಂದು ಕೆಲಸವನ್ನು ವಹಿಸಿಕೊಂಡು ಮುಗಿಸುವುದು ಇನ್ನೊಂದು. ಈ ಉಪನ್ಯಾಸದಲ್ಲಿ ‘ಸೇರುವುದು’ ಎಂಬ ಮಾತನ್ನು ಎರಡನೆಯ ಅರ್ಥದಲ್ಲಿ ಬಳಸಲಾಗಿದೆ. ಗ್ರಾಮ ಸಭೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಹೊರಟುಹೋಗುವವರನ್ನೂ ಕೊನೆಯವರೆಗೆ ಕುಳಿತು ಪ್ರಶ್ನೆ ಕೇಳುವವರನ್ನೂ ಕಂಡಿರುವ ಪಂಚಾಯತಿ ಸದಸ್ಯರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

2. ಒಂಟಿಯಾಗಿ ಕಲಿತವರ ಕಷ್ಟ

1964ರಿಂದ 1966ರವರೆಗೆ ಕಾರ್ಯನಿರ್ವಹಿಸಿದ ಕೊಠಾರಿ ಶಿಕ್ಷಣ ಆಯೋಗವು ಭಾರತದ ಶಿಕ್ಷಕ ತರಬೇತಿಯ ದೊಡ್ಡ ದೋಷವೆಂದು ಗುರುತಿಸಿದ್ದು ಅದರ ಪ್ರತ್ಯೇಕತೆಯನ್ನು. ತರಬೇತಿ ಸಂಸ್ಥೆಗಳು ವಿಶ್ವವಿದ್ಯಾಲಯಗಳಿಂದ ದೂರ, ಶಾಲೆಗಳ ದಿನನಿತ್ಯದ ಸಮಸ್ಯೆಗಳಿಂದ ದೂರ, ಪರಸ್ಪರರಿಂದಲೂ ದೂರ ಉಳಿದಿವೆ ಎಂಬುದು ಆಯೋಗದ ವಿಶ್ಲೇಷಣೆಯಾಗಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು ಸ್ಥಾಪನೆಯಾದವು. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗವು 2012ರಲ್ಲಿ ಶಿಕ್ಷಕ ಶಿಕ್ಷಣದ ಕುರಿತು ವರದಿ ನೀಡಿತು. ಅದನ್ನು ಅನುಸರಿಸಿ ಬಂದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಿ.ಇಡಿ. ಶಿಕ್ಷಣವನ್ನು ಎರಡು ವರ್ಷಕ್ಕೆ ವಿಸ್ತರಿಸಿದವು. 20 ವಾರಗಳ ಶಾಲಾ ಅನುಭವ ಅಥವಾ ಇಂಟರ್ನ್‌ಶಿಪ್ಪನ್ನು ಕಡ್ಡಾಯಗೊಳಿಸಿದವು.

ಇಪ್ಪತ್ತು ವಾರಗಳ ಅವಧಿ ಸಣ್ಣದಲ್ಲ. ಆದರೆ ಪ್ರಶಿಕ್ಷಣಾರ್ಥಿಗಳು ಬೇರೆ ಬೇರೆ ಶಾಲೆಗಳಿಗೆ ಹಂಚಿಹೋಗಿರುತ್ತಾರೆ. ಒಬ್ಬೊಬ್ಬರಿಗೂ ತರಗತಿಯಲ್ಲಿ ಎದುರಾಗುವ ತೊಡಕು ಆಯಾ ಪಾಠಯೋಜನೆಯ ಪುಸ್ತಕದಲ್ಲಿಯೇ ಉಳಿದುಹೋಗುತ್ತದೆ. ಮೇಲ್ವಿಚಾರಕರ ಸಹಿ ಬೀಳುತ್ತದೆ, ಅಂಕ ಬರುತ್ತದೆ, ತೊಡಕು ಹಾಗೆಯೇ ಇರುತ್ತದೆ. ತೊಡಕನ್ನು ಹೇಳಿಕೊಂಡರೆ ಅಂಕ ಕಡಿಮೆಯಾದೀತು ಎಂಬ ಅಂಜಿಕೆಯೂ ಸಹಜ. ಸಹಪಾಠಿಗಳ ಸಂಘದಲ್ಲಿ ಅಂಕ ನೀಡುವವರು ಇರುವುದಿಲ್ಲವಾದ್ದರಿಂದ ಅಲ್ಲಿ ಮಾತು ಸುಲಭವಾಗಿ ಹೊರಬರುತ್ತದೆ.

ಇದರ ಪರಿಣಾಮ ಮುಂದೆ ಊರಿನ ಶಾಲೆಯಲ್ಲಿ ಕಾಣುತ್ತದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಇಬ್ಬರಿರುವ ಶಾಲೆಯಲ್ಲಿ ಒಬ್ಬರು ರಜೆ ಹಾಕಿದ ದಿನ, ತರಬೇತಿಗೆ ಅಥವಾ ಅನ್ಯ ಕಾರ್ಯಕ್ಕೆ ಹೋದ ದಿನ, ಉಳಿದವರು ಒಬ್ಬರೇ ಐದು ತರಗತಿಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಹೊಸದಾಗಿ ನೇಮಕಗೊಂಡ, ಅಥವಾ ಅತಿಥಿ ಶಿಕ್ಷಕರಾಗಿ ಮೊದಲ ಬಾರಿಗೆ ತರಗತಿಗೆ ಬಂದ ಯುವ ಶಿಕ್ಷಕರಿಗೆ ಅಂತಹ ದಿನ ಕೇಳಿ ತಿಳಿಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ತರಬೇತಿಯ ಕಾಲದಲ್ಲಿ ಸಹಪಾಠಿಗಳನ್ನು ಕೇಳುವ ರೂಢಿ ಬೆಳೆದಿದ್ದರೆ ಅವರು ಸಂಜೆ ದೂರವಾಣಿಯಲ್ಲಾದರೂ ಕೇಳುತ್ತಾರೆ. ಆ ರೂಢಿ ಇಲ್ಲದವರು ತಮಗೆ ತಿಳಿದಷ್ಟರಲ್ಲಿಯೇ ದಿನ ಕಳೆಯುತ್ತಾರೆ. ಅದರ ನಷ್ಟ ಮಕ್ಕಳಿಗೆ.

3. ಸಂಘದಲ್ಲಿ ನಡೆಯುವ ಕಲಿಕೆ ಯಾವ ಬಗೆಯದು

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 302ರಿಂದ 147ನ್ನು ಕಳೆಯುವ ಲೆಕ್ಕ ಮಕ್ಕಳಿಗೆ ಕಠಿಣ. ಬಿಡಿಸ್ಥಾನದಲ್ಲಿ 2ರಿಂದ 7 ಕಳೆಯಲಾಗುವುದಿಲ್ಲ. ಹತ್ತರ ಸ್ಥಾನದಿಂದ ಎರವಲು ಪಡೆಯೋಣವೆಂದರೆ ಅಲ್ಲಿ ಸೊನ್ನೆ ಇದೆ. ಕೆಲವು ಮಕ್ಕಳು ತಿರುಗಿಸಿ 7ರಿಂದ 2 ಕಳೆದು 5 ಬರೆಯುತ್ತಾರೆ, ಹತ್ತರ ಸ್ಥಾನದಲ್ಲಿಯೂ 4ರಿಂದ ಸೊನ್ನೆ ಕಳೆದು 4 ಬರೆಯುತ್ತಾರೆ, ಕೊನೆಗೆ 245 ಎಂಬ ತಪ್ಪು ಉತ್ತರ ಬರುತ್ತದೆ. ಬಿಡಿಸ್ಥಾನದ 5 ಆಕಸ್ಮಿಕವಾಗಿ ಸರಿಯಾಗಿರುವುದರಿಂದ ಮಗು ಎಲ್ಲಿ ತಪ್ಪಿತೆಂದು ಹೊಸ ಶಿಕ್ಷಕರಿಗೆ ಕೂಡಲೇ ಹೊಳೆಯುವುದೂ ಇಲ್ಲ. ಕಪ್ಪುಹಲಗೆಯ ಮೇಲೆ ನಿಯಮವನ್ನು ಮತ್ತೆ ಮತ್ತೆ ಹೇಳಿದರೂ ಮಗುವಿಗೆ ಅರ್ಥವಾಗಿರುವುದಿಲ್ಲ.

ಇದೇ ತೊಡಕನ್ನು ಒಬ್ಬ ಪ್ರಶಿಕ್ಷಣಾರ್ಥಿ ಸಂಘದ ವಾರದ ಸಭೆಯಲ್ಲಿ ಇಟ್ಟರೆ, ಇನ್ನೊಬ್ಬರು ಕಡ್ಡಿಗಳ ಕಟ್ಟು ಬಳಸುವ ಕ್ರಮವನ್ನು ಮಾಡಿ ತೋರಿಸಬಲ್ಲರು. ನೂರರ ಮೂರು ಕಟ್ಟುಗಳಲ್ಲಿ ಒಂದನ್ನು ಬಿಚ್ಚಿದರೆ ಹತ್ತರ ಹತ್ತು ಕಟ್ಟುಗಳಾಗುತ್ತವೆ. ಅವುಗಳಲ್ಲಿ ಒಂದನ್ನು ಬಿಚ್ಚಿದರೆ ಹತ್ತು ಬಿಡಿ ಕಡ್ಡಿಗಳಾಗಿ, ಮೊದಲಿದ್ದ ಎರಡರೊಡನೆ ಹನ್ನೆರಡಾಗುತ್ತವೆ. ಈಗ ಮಗುವಿನ ಮುಂದೆ ಎರಡು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ ಇವೆ. 147ನ್ನು ತೆಗೆದಿಟ್ಟರೆ 155 ಉಳಿಯುತ್ತದೆ. ಸೊನ್ನೆಯ ಜಾಗದಲ್ಲಿ ಒಂಬತ್ತು ಎಲ್ಲಿಂದ ಬಂತು ಎಂಬುದನ್ನು ಮಗು ತನ್ನ ಕೈಯಿಂದಲೇ ಕಂಡುಕೊಳ್ಳುತ್ತದೆ. ಇಂತಹ ಹತ್ತು ತೊಡಕುಗಳನ್ನು ಹತ್ತು ಮಂದಿ ತಂದಿಟ್ಟರೆ ಪ್ರತಿಯೊಬ್ಬರೂ ಹತ್ತು ತೊಡಕುಗಳಿಗೆ ಸಿದ್ಧರಾಗಿ ಮನೆಗೆ ಹೋಗುತ್ತಾರೆ.

ಭಾಷೆಯ ವಿಷಯವೂ ಹೀಗೆಯೇ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ತೆಲುಗು, ಮರಾಠಿ ಅಥವಾ ಕೊಂಕಣಿ ಮಾತನಾಡುವ ಮಗು ಒಂದನೇ ತರಗತಿಗೆ ಬಂದಾಗ ಕನ್ನಡದ ಸೂಚನೆ ಅದಕ್ಕೆ ಅರ್ಥವಾಗದೇ ಹೋಗಬಹುದು. ಅರ್ಥವಾಗದ ಮಗುವನ್ನು ದಡ್ಡ ಮಗು ಎಂದು ಭಾವಿಸುವ ಅಪಾಯ ಹೊಸ ಶಿಕ್ಷಕರಿಗೆ ಇದ್ದೇ ಇದೆ. ಸಂಘದಲ್ಲಿ ಆ ಭಾಷೆ ಬಲ್ಲ ಸಹಪಾಠಿಯೊಬ್ಬರಿದ್ದರೆ, ‘ಬಾ, ಕುಳಿತುಕೋ, ನೀರು ಬೇಕೇ, ಹೊಟ್ಟೆ ನೋವೇ, ಭಯಪಡಬೇಡ’ ಎಂಬಂತಹ ಐವತ್ತು ಮಾತುಗಳ ಪಟ್ಟಿಯನ್ನು ಕನ್ನಡ ಲಿಪಿಯಲ್ಲಿ ಬರೆದು ಎಲ್ಲರಿಗೂ ಹಂಚಬಹುದು. ತಾಂಡಾದ ಶಾಲೆಗೆ ಹೋಗುವ ಶಿಕ್ಷಕಿಯ ಕೈಯಲ್ಲಿ ಆ ಒಂದು ಹಾಳೆ ಇದ್ದರೆ ಶಾಲೆಯ ಮೊದಲ ವಾರವೇ ಬೇರೆಯಾಗಿರುತ್ತದೆ.

ಅರ್ಹತಾ ಪರೀಕ್ಷೆಯ ಸಿದ್ಧತೆಯೂ ಸಂಘದ ಕೆಲಸಗಳಲ್ಲೊಂದು. 150 ಅಂಕಗಳ ಆ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದ ಅಭ್ಯರ್ಥಿಗಳು ಶೇ. 60 ಅಂಕ ಪಡೆಯಬೇಕು. ನಗರದ ಕೋಚಿಂಗ್ ಕೇಂದ್ರದ ಶುಲ್ಕ ಭರಿಸಲಾಗದ ಮನೆಯ ಮಕ್ಕಳಿಗೆ ಸಹಪಾಠಿಗಳ ಅಧ್ಯಯನ ಗುಂಪೇ ಆಧಾರ.

4. ನಲಿ-ಕಲಿ ನೀಡುವ ನಿದರ್ಶನ

ಶಿಕ್ಷಕರು ಒಟ್ಟಾಗಿ ಕುಳಿತು ಯೋಚಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಡನೆ ನಲಿ-ಕಲಿ ಆರಂಭವಾಯಿತು. ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹೋಗಿ ನೋಡಿ ಬಂದರು. ಒಂದೇ ಕೊಠಡಿಯಲ್ಲಿ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಮಟ್ಟದ ಮಕ್ಕಳು ಚಟುವಟಿಕೆ ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕ್ರಮವನ್ನು ಕಂಡು, ಅದನ್ನು ತಮ್ಮ ಪರಿಸರಕ್ಕೂ ಕನ್ನಡಕ್ಕೂ ಒಗ್ಗಿಸಿಕೊಂಡು ಕಲಿಕಾ ಏಣಿ ಮತ್ತು ಕಾರ್ಡುಗಳನ್ನು ರೂಪಿಸಿದರು. ಮುಂದೆ 2009-10ನೇ ಸಾಲಿನಿಂದ ಈ ಪದ್ಧತಿಯು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು.

ಈ ಪದ್ಧತಿಯ ಒಳಿತು ಕೆಡುಕುಗಳ ಬಗ್ಗೆ ಶಿಕ್ಷಕರಲ್ಲಿ ಭಿನ್ನಾಭಿಪ್ರಾಯಗಳಿವೆ. ಇಲ್ಲಿ ಮುಖ್ಯವಾದುದು ಅದು ರೂಪುಗೊಂಡ ಬಗೆ. ಒಂದು ತಾಲ್ಲೂಕಿನ ಸಾಮಾನ್ಯ ಶಾಲೆಗಳ ಶಿಕ್ಷಕರು ಒಬ್ಬರ ತರಗತಿಯನ್ನು ಇನ್ನೊಬ್ಬರು ನೋಡಿ, ಒಬ್ಬರು ಬರೆದ ಕಾರ್ಡನ್ನು ಇನ್ನೊಬ್ಬರು ತಿದ್ದಿ ಮುಂದುವರಿದರು. ತನ್ನ ಕೆಲಸವನ್ನು ಇತರರು ತಿದ್ದಲು ಬಿಡುವ ಮನಸ್ಸು ಸೇವೆಗೆ ಸೇರಿದ ಮೇಲೆ ಒಮ್ಮೆಲೇ ಬರುವುದಿಲ್ಲ. ತರಬೇತಿಯ ಎರಡು ವರ್ಷಗಳು ಅದನ್ನು ಬೆಳೆಸಿಕೊಳ್ಳುವ ಕಾಲ. ಸಮೂಹ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆಗಳಲ್ಲಿ ಬಾಯಿ ತೆರೆಯುವವರು ಯಾರು, ಸುಮ್ಮನೆ ಕುಳಿತು ಬರುವವರು ಯಾರು ಎಂಬುದು ಬಹುಮಟ್ಟಿಗೆ ಆ ಕಾಲದಲ್ಲಿಯೇ ನಿರ್ಧಾರವಾಗಿರುತ್ತದೆ.

5. ಸಭೆ ನಡೆಸುವ ಅಭ್ಯಾಸ

ಸಂಘವು ಕಲಿಸುವ ಇನ್ನೊಂದು ವಿಷಯ ಪಂಚಾಯತಿ ಸದಸ್ಯರಿಗೆ ನೇರವಾಗಿ ಸಂಬಂಧಿಸಿದ್ದು. ಕಾರ್ಯಸೂಚಿ ಸಿದ್ಧಪಡಿಸುವುದು, ನೋಟಿಸು ಹೊರಡಿಸುವುದು, ನಡಾವಳಿ ಬರೆಯುವುದು, ಜಮಾ ಖರ್ಚು ಓದಿ ಹೇಳುವುದು, ತಮಗೆ ಒಪ್ಪಿಗೆಯಾಗದ ನಿರ್ಣಯಕ್ಕೆ ಶಾಂತವಾಗಿ ಆಕ್ಷೇಪಣೆ ದಾಖಲಿಸುವುದು ಇವನ್ನು ಪ್ರಶಿಕ್ಷಣಾರ್ಥಿಗಳು ಸಂಘದಲ್ಲಿ ಮಾಡಿ ಕಲಿಯುತ್ತಾರೆ.

ಶಿಕ್ಷಣ ಹಕ್ಕು ಕಾಯ್ದೆಯ 21ನೇ ಪ್ರಕರಣದಂತೆ ಶಾಲಾ ಸಮಿತಿಯಲ್ಲಿ ಸ್ಥಳೀಯ ಚುನಾಯಿತ ಪ್ರತಿನಿಧಿಗಳು, ಪಾಲಕರು ಮತ್ತು ಶಿಕ್ಷಕರು ಇರುತ್ತಾರೆ. ಮುಕ್ಕಾಲು ಭಾಗ ಪಾಲಕರು ಮತ್ತು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಕರ್ನಾಟಕದಲ್ಲಿ ಇದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ರೂಪದಲ್ಲಿದೆ. ಅದೇ ಕಾಯ್ದೆಯ 24ನೇ ಪ್ರಕರಣವು ಪಾಲಕರೊಡನೆ ನಿಯತವಾಗಿ ಸಭೆ ನಡೆಸುವುದನ್ನು ಶಿಕ್ಷಕರ ಕರ್ತವ್ಯವೆಂದು ಹೇಳಿದೆ. ಕೂಲಿ ಬಿಟ್ಟು ಬಂದ ತಾಯಿಯೊಬ್ಬರು ಹಿಂದಿನ ಸಾಲಿನಲ್ಲಿ ನಿಂತಿರುವಾಗ ಅವರನ್ನು ಮುಂದೆ ಕೂರಿಸಿ, ಅವರ ಮಾತನ್ನು ಕೇಳಿಸಿಕೊಂಡು, ಅದನ್ನು ನಡಾವಳಿಯಲ್ಲಿ ಬರೆಯುವ ಶಿಕ್ಷಕರು ಇರುವ ಶಾಲೆಯಲ್ಲಿ ಸಮಿತಿ ಜೀವಂತವಾಗಿರುತ್ತದೆ. ಈ ನಡವಳಿಕೆಗೆ ಪೂರ್ವಾಭ್ಯಾಸ ಬೇಕು. ಸಂಘದ ಸಭೆ ಅಂತಹ ಅಭ್ಯಾಸದ ಸ್ಥಳ.

6. ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಎಲ್ಲ ಸಂಘಗಳೂ ಒಂದೇ ಗುಣದವಲ್ಲ. ವಿದ್ಯಾರ್ಥಿಗಳ ಹೆಸರಿನಲ್ಲಿ ಶುಲ್ಕ ಸಂಗ್ರಹಿಸಿ ಲೆಕ್ಕ ಕೊಡದ ಕೂಟಗಳೂ ಇರಬಹುದು. ಊರಿನ ಪ್ರಶಿಕ್ಷಣಾರ್ಥಿಗಳು ಅಥವಾ ಅವರ ಪಾಲಕರು ಸಲಹೆ ಕೇಳಿದರೆ ಸದಸ್ಯರು ಈ ಕೆಳಗಿನ ಪ್ರಶ್ನೆಗಳನ್ನು ಸೂಚಿಸಬಹುದು.

ಅ) ಸಂಘಕ್ಕೆ ಲಿಖಿತ ನಿಯಮಾವಳಿ ಇದೆಯೇ? ಕಾಲೇಜಿನ ಒಳಗಿನ ಸಂಘವಾದರೆ ಪ್ರಾಂಶುಪಾಲರ ಮಾನ್ಯತೆ ಇದೆಯೇ? ಹೊರಗಿನ ಸಂಘವಾದರೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ನೋಂದಣಿಯಾಗಿದೆಯೇ?

ಆ) ಶುಲ್ಕಕ್ಕೆ ರಸೀದಿ ಕೊಡುತ್ತಾರೆಯೇ? ವರ್ಷಕ್ಕೊಮ್ಮೆಯಾದರೂ ಜಮಾ ಖರ್ಚನ್ನು ಸದಸ್ಯರ ಮುಂದೆ ಓದುತ್ತಾರೆಯೇ?

ಇ) ಪದಾಧಿಕಾರಿಗಳನ್ನು ಸದಸ್ಯರು ಆರಿಸುತ್ತಾರೆಯೇ? ಮಹಿಳೆಯರಿಗೆ ಮತ್ತು ದಿನವೂ ಹಳ್ಳಿಯಿಂದ ಬಂದು ಹೋಗುವವರಿಗೆ ಪದಾಧಿಕಾರಿಗಳಾಗುವ ಅವಕಾಶ ಇದೆಯೇ?

ಈ) ಬೋಧನೆಗೆ ಸಂಬಂಧಿಸಿದ ಕೆಲಸ ನಡೆಯುತ್ತದೆಯೇ, ಅಥವಾ ವರ್ಷಕ್ಕೆ ಎರಡು ಸಮಾರಂಭಗಳಲ್ಲಿ ಎಲ್ಲವೂ ಮುಗಿಯುತ್ತದೆಯೇ?

ಉ) ಸಂಘವು ಯಾವುದಾದರೂ ರಾಜಕೀಯ ಪಕ್ಷದ ಅಂಗವೇ? ವಿದ್ಯಾರ್ಥಿಗಳಿಗೆ ರಾಜಕೀಯ ಅಭಿಪ್ರಾಯ ಇರುವುದು ಅವರ ಹಕ್ಕು. ಆದರೆ ಸರ್ಕಾರಿ ಸೇವೆಗೆ ಸೇರಿದ ಮೇಲೆ ರಾಜಕೀಯ ಪಕ್ಷದ ಸದಸ್ಯತ್ವಕ್ಕೆ ನಡತೆ ನಿಯಮಗಳು ಅವಕಾಶ ಕೊಡುವುದಿಲ್ಲ. ಆದುದರಿಂದ ವೃತ್ತಿಯ ಸಂಘ ಯಾವುದು, ಪಕ್ಷದ ಸಂಘಟನೆ ಯಾವುದು ಎಂಬ ತಿಳಿವಳಿಕೆ ಮೊದಲೇ ಇರಬೇಕು.

ಊ) ಹೊಸ ಸದಸ್ಯರನ್ನು ಹಿರಿಯರು ಗೌರವದಿಂದ ಕಾಣುತ್ತಾರೆಯೇ? ಸಂಘದ ಹೆಸರಿನಲ್ಲಿ ನಡೆದರೂ ರ್‍ಯಾಗಿಂಗ್ ರ್‍ಯಾಗಿಂಗೇ. ಕರ್ನಾಟಕ ಶಿಕ್ಷಣ ಅಧಿನಿಯಮ, 1983ರಂತೆ ಅದು ಶಿಕ್ಷಾರ್ಹ ಅಪರಾಧ.

7. ಹೊರಗುಳಿಯುವವರು ಯಾರು

ಸಂಘದ ಸಭೆಗಳು ಸಾಮಾನ್ಯವಾಗಿ ತರಗತಿಗಳು ಮುಗಿದ ಮೇಲೆ ನಡೆಯುತ್ತವೆ. ಹಾಸ್ಟೆಲಿನಲ್ಲಿ ಇರುವವರಿಗೂ ಪಟ್ಟಣದಲ್ಲಿ ಮನೆ ಇರುವವರಿಗೂ ಇದರಿಂದ ತೊಂದರೆಯಿಲ್ಲ. ಊರಿಗೆ ಹೋಗುವ ಕೊನೆಯ ಬಸ್ಸು ಸಂಜೆ ಐದೂವರೆಗೆ ಇದ್ದರೆ ಹಳ್ಳಿಯ ಪ್ರಶಿಕ್ಷಣಾರ್ಥಿಗೆ ಸಭೆಯೂ ಇಲ್ಲ, ಸಂಘವೂ ಇಲ್ಲ. ಹೀಗೆ ಮುಂದೆ ಹಳ್ಳಿಯ ಶಾಲೆಯಲ್ಲಿ ಒಂಟಿಯಾಗಿ ನಿಲ್ಲಬೇಕಾದವರೇ ತರಬೇತಿಯ ಕಾಲದಲ್ಲಿಯೂ ಒಂಟಿಯಾಗಿ ಉಳಿಯುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಜೂನ್ 2023ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸು ಓಡುವ ಊರುಗಳಲ್ಲಿ ಅವರಿಗೆ ಪ್ರಯಾಣ ದರದ ಭಾರ ಇಲ್ಲ. ಉಳಿದಿರುವುದು ಹೊತ್ತಿನ ಪ್ರಶ್ನೆ ಮತ್ತು ಮನೆಯವರ ಆತಂಕ. ಮಗಳು ಕತ್ತಲಾದ ಮೇಲೆ ಊರು ಸೇರಿದರೆ ಜನ ಏನೆಂದಾರು, ಸಂಘವೆಂದರೆ ಓದು ಬಿಟ್ಟು ಓಡಾಡುವುದಲ್ಲವೇ ಎಂದು ತಂದೆ ತಾಯಿ ಕೇಳುತ್ತಾರೆ. ಈ ಆತಂಕವನ್ನು ಹಗುರವಾಗಿ ಕಾಣಬಾರದು. ಅದಕ್ಕೆ ಉತ್ತರ ಸಭೆಯ ವೇಳೆಯನ್ನು ಬದಲಾಯಿಸುವುದರಲ್ಲಿ ಇದೆ. ಮಧ್ಯಾಹ್ನದ ಬಿಡುವಿನಲ್ಲಿ ಅಥವಾ ಶನಿವಾರದ ಅರ್ಧ ದಿನದಲ್ಲಿ ಸಭೆ ನಡೆಸಿದರೆ ಯಾರೂ ಹೊರಗುಳಿಯಬೇಕಾಗಿಲ್ಲ.

8. ಗ್ರಾಮ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಿಲ್ಲ. ಸದಸ್ಯರ ಗಮನ ಮತ್ತು ಒಂದೆರಡು ಪತ್ರಗಳು ಸಾಕು.

1) ತಮ್ಮ ಕ್ಷೇತ್ರದಲ್ಲಿ ಡಿ.ಎಲ್.ಇಡಿ. ಮತ್ತು ಬಿ.ಇಡಿ. ಓದುತ್ತಿರುವವರು ಯಾರು ಎಂಬುದನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದುಕೊಳ್ಳುವುದು. ಹೆಸರುಗಳ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಮಾತ್ರ ಇಟ್ಟುಕೊಳ್ಳಬೇಕು.

2) ಸಭೆಗಳನ್ನು ಹಗಲಿನ ವೇಳೆಯಲ್ಲಿ ನಡೆಸುವಂತೆ ಸಂಬಂಧಿಸಿದ ಕಾಲೇಜಿನ ಪ್ರಾಂಶುಪಾಲರಿಗೂ, ಬಸ್ಸಿನ ವೇಳೆ ಹೊಂದಿಸುವಂತೆ ಸಾರಿಗೆ ಘಟಕದ ವ್ಯವಸ್ಥಾಪಕರಿಗೂ ಪಂಚಾಯತಿಯ ನಿರ್ಣಯದೊಡನೆ ಮನವಿ ಕಳುಹಿಸುವುದು.

3) ಮಹಿಳಾ ಸದಸ್ಯರು ಪಾಲಕರ ಮನೆಗೆ ಹೋಗಿ ಮಾತನಾಡುವುದು. ತಾವು ಮೊದಲ ಬಾರಿ ಸಾಮಾನ್ಯ ಸಭೆಗೆ ಬಂದಾಗ ಎದುರಾದ ಸಂಕೋಚ ಹೇಗೆ ಕಡಿಮೆಯಾಯಿತು ಎಂಬ ಅವರ ಮಾತಿಗೆ ಇರುವ ತೂಕ ಯಾವ ಕರಪತ್ರಕ್ಕೂ ಇಲ್ಲ.

4) ಪಂಚಾಯತಿ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಪ್ರಶಿಕ್ಷಣಾರ್ಥಿಗಳ ಅಧ್ಯಯನ ಗುಂಪಿಗೆ ಸ್ಥಳ ನೀಡುವುದು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು 2020ರಲ್ಲಿ ಆರಂಭಿಸಿದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಗ್ರಂಥಾಲಯದ ಬಾಗಿಲು ತೆರೆದಿದೆ. ಅಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವ ಕೆಲಸವನ್ನು ಸಂಘದ ಸದಸ್ಯರು ಸರದಿಯಂತೆ ಸಂತೋಷದಿಂದ ಮಾಡಬಲ್ಲರು.

5) ಮಕ್ಕಳ ಗ್ರಾಮ ಸಭೆಗೆ ಸಂಘದ ಪ್ರತಿನಿಧಿಗಳನ್ನು ವೀಕ್ಷಕರಾಗಿ ಆಹ್ವಾನಿಸುವುದು. ಶಾಲೆಯ ಬಗ್ಗೆ ಮಕ್ಕಳು ತಾವೇ ಆಡುವ ಮಾತನ್ನು ಕೇಳುವುದು ಭಾವಿ ಶಿಕ್ಷಕರಿಗೆ ಪಠ್ಯಪುಸ್ತಕದಲ್ಲಿ ದೊರಕದ ಶಿಕ್ಷಣ.

6) ಸಂಘವು ಊರಿನಲ್ಲಿ ಪೌರತ್ವ ತರಬೇತಿ ಶಿಬಿರ ನಡೆಸಲು ಬಂದರೆ ವಸತಿ, ಕುಡಿಯುವ ನೀರು, ಶೌಚಾಲಯ ಮತ್ತು ರಾತ್ರಿಯ ಬೆಳಕಿನ ವ್ಯವಸ್ಥೆಯನ್ನು ಮೊದಲೇ ಪರಿಶೀಲಿಸುವುದು. ವಿದ್ಯಾರ್ಥಿನಿಯರಿಗೆ ಪ್ರತ್ಯೇಕ ವಸತಿ ಇಲ್ಲದೆ ಶಿಬಿರಕ್ಕೆ ಒಪ್ಪಿಗೆ ನೀಡಬಾರದು.

7) ಸಾಮಾಜಿಕ ನ್ಯಾಯ ಸಮಿತಿಯ ಸಭೆಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಪ್ರಶಿಕ್ಷಣಾರ್ಥಿಗಳಿಗೆ ವಿದ್ಯಾರ್ಥಿವೇತನ ಮತ್ತು ಹಾಸ್ಟೆಲ್ ಸೌಲಭ್ಯ ತಲುಪಿದೆಯೇ ಎಂದು ವಿಚಾರಿಸುವುದು. ಶುಲ್ಕದ ಚಿಂತೆಯಲ್ಲಿ ಇರುವವರು ಸಂಘದ ಕಡೆ ಮುಖ ಮಾಡುವುದು ಕಷ್ಟ.

9. ಮಾಡಬಾರದ ಕೆಲಸಗಳು

ಸಂಘದ ಯುವಜನರು ಊರಿಗೆ ಬಂದಾಗ ಅವರನ್ನು ಹೇಗೆ ಬಳಸಿಕೊಳ್ಳಬಾರದು ಎಂಬುದೂ ತಿಳಿದಿರಬೇಕು. ಶಾಲೆಯಲ್ಲಿ ಹುದ್ದೆ ಖಾಲಿ ಇದ್ದಾಗ, ಇಂಟರ್ನ್‌ಶಿಪ್ಪಿಗೆ ಬಂದವರು ತರಗತಿ ನೋಡಿಕೊಳ್ಳುತ್ತಾರಲ್ಲ, ಸದ್ಯಕ್ಕೆ ಸಾಕು ಎಂದು ಸುಮ್ಮನಾಗುವ ಪ್ರವೃತ್ತಿ ಇದೆ. ಪ್ರಶಿಕ್ಷಣಾರ್ಥಿಗಳು ಅನುಭವಿ ಶಿಕ್ಷಕರ ಮಾರ್ಗದರ್ಶನದಲ್ಲಿ ಕಲಿಯಲು ಬಂದವರು. ಖಾಲಿ ಹುದ್ದೆಗೆ ಅವರು ಬದಲಿಯಲ್ಲ. ಅವರು 20 ವಾರಗಳ ಬಳಿಕ ಹೊರಟುಹೋದಾಗ ಮಕ್ಕಳು ಮತ್ತೆ ಶಿಕ್ಷಕರಿಲ್ಲದೆ ಉಳಿಯುತ್ತಾರೆ. ಹುದ್ದೆಯ ಬೇಡಿಕೆಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತವಾಗಿ ಸಲ್ಲಿಸುವ ಜವಾಬ್ದಾರಿಯಿಂದ ಪಂಚಾಯತಿ ಹಿಂದೆ ಸರಿಯಬಾರದು.

ಹಾಗೆಯೇ ಪಂಚಾಯತಿಯ ಸಮೀಕ್ಷೆ, ಮೆರವಣಿಗೆ, ಸ್ವಾಗತ ಕಾರ್ಯಕ್ರಮಗಳಿಗೆ ಅವರನ್ನು ಸಂಬಳವಿಲ್ಲದ ಕೆಲಸಗಾರರಂತೆ ಬಳಸಬಾರದು. ಮಕ್ಕಳೊಡನೆ ನಡೆಯುವ ಯಾವುದೇ ಚಟುವಟಿಕೆಗೆ ಮುಖ್ಯ ಶಿಕ್ಷಕರ ಅನುಮತಿ ಮತ್ತು ಶಿಕ್ಷಕರೊಬ್ಬರ ಉಪಸ್ಥಿತಿ ಇರಲೇಬೇಕು. ಪಾಲಕರ ಒಪ್ಪಿಗೆಯಿಲ್ಲದೆ ಮಕ್ಕಳ ಭಾವಚಿತ್ರಗಳನ್ನು ಮೊಬೈಲಿನಲ್ಲಿ ಹಂಚಿಕೊಳ್ಳುವುದನ್ನು ತಡೆಯಬೇಕು. ಸಂಘದ ಪದಾಧಿಕಾರಿಗಳ ಆಯ್ಕೆಯಲ್ಲಿ ಊರಿನ ಗುಂಪುಗಾರಿಕೆ ಪ್ರವೇಶಿಸದಂತೆ ನೋಡಿಕೊಳ್ಳುವುದೂ ಸದಸ್ಯರ ಘನತೆಗೆ ಸೇರಿದ್ದು.

10. ಉಪಸಂಹಾರ

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ಶಿಕ್ಷಕರ ಕನಿಷ್ಠ ವಿದ್ಯಾರ್ಹತೆಯನ್ನು ನಾಲ್ಕು ವರ್ಷಗಳ ಸಂಯೋಜಿತ ಬಿ.ಇಡಿ. ಪದವಿಗೆ ಏರಿಸುವ ಗುರಿ ಇಟ್ಟುಕೊಂಡಿದೆ. ಪದವಿಗಳ ಹೆಸರು ಮತ್ತು ಅವಧಿ ಬದಲಾಗಬಹುದು. ಆದರೆ ಶಿಕ್ಷಕರು ತಮ್ಮ ತೊಡಕನ್ನು ಸಹೋದ್ಯೋಗಿಗಳ ಮುಂದೆ ಸಂಕೋಚವಿಲ್ಲದೆ ಇಡುವುದು, ಇತರರ ಅನುಭವದಿಂದ ಕಲಿಯುವುದು, ಪಾಲಕರ ಸಭೆಯಲ್ಲಿ ಸಮಾನರಂತೆ ಕುಳಿತು ಮಾತನಾಡುವುದು ಯಾವ ಕಾಲಕ್ಕೂ ಬೇಕಾದ ಗುಣಗಳು. ಅವು ಪ್ರಮಾಣಪತ್ರದೊಡನೆ ಬರುವುದಿಲ್ಲ. ಸಹಪಾಠಿಗಳ ನಡುವೆ, ಒಂದು ಶಿಸ್ತಿನ ಸಂಘದಲ್ಲಿ, ಎರಡು ಅಥವಾ ನಾಲ್ಕು ವರ್ಷಗಳ ಅಭ್ಯಾಸದಿಂದ ಬರುತ್ತವೆ.

ಆದುದರಿಂದ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ‘ಗ್ರಾಮದ ಪ್ರಶಿಕ್ಷಣಾರ್ಥಿಗಳು’ ಎಂಬ ಒಂದು ವಿಷಯವನ್ನು ಸೇರಿಸಿ, ಅವರಲ್ಲಿ ಎಷ್ಟು ಮಂದಿ ತಮ್ಮ ಕಾಲೇಜಿನ ಸಂಘದ ಸಭೆಗಳಿಗೆ ಹಾಜರಾಗಲು ಸಾಧ್ಯವಾಗುತ್ತಿದೆ, ಆಗದಿದ್ದರೆ ಅಡ್ಡಿಯೇನು ಎಂದು ವಿಚಾರಿಸುವುದು ಸೂಕ್ತ. ಅಡ್ಡಿ ಬಸ್ಸಿನದಾದರೆ ಬಸ್ಸಿಗಾಗಿ, ಹೊತ್ತಿನದಾದರೆ ಕಾಲೇಜಿಗೆ, ಮನೆಯವರದಾದರೆ ಮನೆಗೆ ಹೋಗಿ ಮಾತನಾಡಬೇಕು. ಊರಿನ ಇಂದಿನ ಪ್ರಶಿಕ್ಷಣಾರ್ಥಿ ಯಾವ ಊರಿನ ಶಾಲೆಗೆ ಶಿಕ್ಷಕರಾಗಿ ಹೋಗುತ್ತಾರೋ ಹೇಳಲಾಗದು. ಈ ಊರಿನ ಶಾಲೆಗೆ ಬರುವವರು ಇನ್ನಾವುದೋ ಪಂಚಾಯತಿಯ ಮನೆಮಗಳು ಅಥವಾ ಮನೆಮಗ. ಪ್ರತಿಯೊಂದು ಪಂಚಾಯತಿಯೂ ತನ್ನವರನ್ನು ಚೆನ್ನಾಗಿ ಸಿದ್ಧಪಡಿಸಿ ಕಳುಹಿಸಿದರೆ ಎಲ್ಲ ಊರುಗಳ ಮಕ್ಕಳಿಗೂ ಅದರ ಫಲ ದೊರೆಯುತ್ತದೆ.